ಆಪರೇಶನ್ ಆದ ಮೇಲೆ ಮಗು ಯಾವಾಗ ಮಾತಾಡುತ್ತದೆ?

ಒಂದೂವರೆ ವರ್ಷದ ಮಗನಿಗೆ ಎರಡೂ ಕಿವಿ ಕೇಳಿಸುವುದಿಲ್ಲ, ಕಿವಿ ಮಷಿನ್ ಹಾಕಿದರೂ ಪ್ರಯೋಜನವಾಗಲಿಲ್ಲ, ಡಾಕ್ಟರು ಕಾಕ್ಲಿಯರ್ ಇಂಪ್ಲಾಂಟ್ (ಶಬ್ದವನ್ನು ವಿದ್ಯುತ್ ಸಂಕೇತವಾಗಿ ಶ್ರವಣ ನರಕ್ಕೆ ಮುಟ್ಟಿಸುವ ಸಾಧನ) ಮಾಡಿಸಿ ಎಂದಿದ್ದಾರೆ ಅಂತ ಬರೆದಿದ್ದೀರಿ. ಮನೆಯ ಹಿರಿಯರು ‘ಐದು ವರ್ಷ ತುಂಬಲಿ’ ಅನ್ನುತ್ತಿದ್ದಾರೆ. ನೀವು ಕೇಳಿದ್ದು: ‘ಆಪರೇಶನ್ ಆಗಿ ಎಷ್ಟು ದಿನಕ್ಕೆ ಅಮ್ಮಾ ಅಂತಾನೆ?’

ಮೊದಲು ಹಿರಿಯರ ಮಾತಿಗೆ ಬರೋಣ. ಅವರ ಭಯ ಅರ್ಥವಾಗುತ್ತದೆ. ಆದರೂ ದಯವಿಟ್ಟು ಅಷ್ಟು ಕಾಯಬೇಡಿ. ಒಳಗಿವಿಯಲ್ಲಿ ಶಬ್ದ ಗ್ರಹಿಸುವ ಸುರುಳಿಯಾಕಾರದ ಭಾಗವಾದ ಕಾಕ್ಲಿಯಾ ಹುಟ್ಟುವಾಗಲೇ ದೊಡ್ಡವರದಷ್ಟು ಬೆಳೆದಿರುತ್ತದೆ. ಹಾಗಾಗಿ ಅದು ಬೆಳೆಯಲಿ ಎಂದು ಕಾಯುವುದರಲ್ಲಿ ಲಾಭವಿಲ್ಲ. ನಷ್ಟ ಮಾತ್ರ ಇದೆ. ಶಬ್ದವನ್ನು ಅರ್ಥಮಾಡಿಕೊಳ್ಳಲು ಮಿದುಳು ಕಲಿಯುವ ಕಾಲ ಮೊದಲ ಮೂರು, ಮೂರೂವರೆ ವರ್ಷ. ಆಗ ಶಬ್ದ ತಲುಪದಿದ್ದರೆ ಆಮೇಲೆ ಕಲಿಯುವುದು ತುಂಬ ಕಷ್ಟ. ಮೆದುಳು ಜ್ವರದಿಂದ ಕಿವಿ ಹೋಗಿದ್ದರಂತೂ ಕಾಕ್ಲಿಯಾದೊಳಗೆ ಮೂಳೆ ತುಂಬಿಕೊಳ್ಳಬಹುದು. ಆಗ ಇನ್ನೂ ಬೇಗ ಮಾಡಿಸಬೇಕು.

ಆಪರೇಶನ್‌ಗೆ ಮುಂಚೆ ಎಂಆರ್‌ಐ, ಸಿಟಿ ಸ್ಕ್ಯಾನ್ ಮಾಡಿ ಕಾಕ್ಲಿಯಾ, ಶ್ರವಣ ನರ ಹೇಗಿವೆ ಎಂದು ನೋಡುತ್ತಾರೆ. ನ್ಯುಮೊಕಾಕಸ್ ಲಸಿಕೆಯನ್ನು ತಪ್ಪಿಸಬೇಡಿ, ಇಂಪ್ಲಾಂಟ್ ಇರುವ ಮಕ್ಕಳಿಗೆ ಮೆದುಳು ಜ್ವರದ ಅಪಾಯ ಸ್ವಲ್ಪ ಜಾಸ್ತಿ. ಆಪರೇಶನ್ ಸಾಮಾನ್ಯವಾಗಿ ಎರಡು ಮೂರು ಗಂಟೆಯದು. ಕಿವಿಯ ಹಿಂದೆ ಕೊಯ್ದು, ನರಕ್ಕೆ ವಿದ್ಯುತ್ ಸಂಕೇತ ಕೊಡುವ ಎಲೆಕ್ಟ್ರೋಡ್‌ಗಳ ತೆಳು ಎಳೆಯನ್ನು ಕಾಕ್ಲಿಯಾದೊಳಗೆ ಇಳಿಸುತ್ತಾರೆ. ಮಿದುಳಿಗೆ ಕೈ ಹಾಕುವುದಿಲ್ಲ. ಇದನ್ನು ಹಿರಿಯರಿಗೂ ಬಿಡಿಸಿ ಹೇಳಿ.

ಶಬ್ದವನ್ನು ಹಿಡಿದು ಒಳಗಿನ ಇಂಪ್ಲಾಂಟ್‌ಗೆ ಕಳಿಸುವ ಹೊರಗಿನ ಪ್ರೊಸೆಸರ್ ಹಾಕಿ ಸ್ವಿಚ್ ಆನ್ ಮಾಡುವುದು ಎರಡರಿಂದ ನಾಲ್ಕು ವಾರದ ನಂತರ. ಆ ದಿನ ನಗುವ ಮಕ್ಕಳ ವಿಡಿಯೊ ನೀವೂ ನೋಡಿರುತ್ತೀರಿ, ಅಲ್ವಾ? ಬೆಚ್ಚಿ ಅಳುವ ಮಕ್ಕಳೂ ಇದ್ದಾರೆ, ಏನೂ ಆಗದವರಂತೆ ಸುಮ್ನೆ ಆಟವಾಡುವವರೂ ಇದ್ದಾರೆ. ಅಂದಮಾತ್ರಕ್ಕೆ ಆಪರೇಶನ್ ಸೋತಿತು ಎಂದುಕೊಳ್ಳಬೇಡಿ. ಮೊದಲು ಸಂಕೇತದ ಮಟ್ಟವನ್ನು ಕಡಿಮೆ ಇಟ್ಟು, ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಮತ್ತೆ ಮತ್ತೆ ಮ್ಯಾಪಿಂಗ್ ಮಾಡಿ, ಅಂದರೆ ಮಗುವಿಗೆ ಹೊಂದುವಂತೆ ಸರಿಹೊಂದಿಸಿ, ಹೆಚ್ಚಿಸುತ್ತಾ ಹೋಗುತ್ತಾರೆ.

ಈಗ ನಿಮ್ಮ ಪ್ರಶ್ನೆ. ಸ್ವಿಚ್ ಆನ್ ಆದ ದಿನದಿಂದ ಮಗನ ‘ಕೇಳುವ ವಯಸ್ಸು’ ಶುರು. ಕಿವಿ ಕೇಳುವ ಮಗುವೂ ಮೊದಲ ಮಾತಿಗೆ ಮುಂಚೆ ಸುಮಾರು ಒಂದು ವರ್ಷ ಬರೀ ಕೇಳಿಸಿಕೊಳ್ಳುತ್ತದೆ. ನಿಮ್ಮ ಮಗನಿಗೂ ಆ ಕಾಲ ಕೊಡಿ. ದಿನಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಯೋಚಿಸಿ. ಇಂಥ ದಿನ ಮಾತಾಡುತ್ತಾನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಚ್ಚರವಿರುವಷ್ಟು ಹೊತ್ತೂ ಪ್ರೊಸೆಸರ್ ಹಾಕಿರಲಿ. ಕೇಳಿಸಿಕೊಳ್ಳಲು, ಮಾತಾಡಲು ಕಲಿಸುವ ಥೆರಪಿ ವಾರಕ್ಕೆ ಒಂದೆರಡು ಗಂಟೆ ಇರಬಹುದು, ಉಳಿದ ಹೊತ್ತೆಲ್ಲ ಮಗು ನಿಮ್ಮ ಜೊತೆಗಿರುತ್ತದೆ. ಹತ್ತಿರ ಕೂತು ಮಾತಾಡಿ. ಬಾಗಿಲು ಬಡಿದರೆ ‘ಕೇಳಿಸ್ತಾ?’ ಅನ್ನಿ. ಅವನು ತಿರುಗುವವರೆಗೆ ತಾಳ್ಮೆಯಿಂದಿರಿ.

ಕೈಸನ್ನೆ ಮಾಡಿದರೆ ಮಾತು ಬರುವುದಿಲ್ಲ ಎಂದು ಹೆದರಿಸುವವರೂ ಸಿಗುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಸ್ನಾನಕ್ಕೆ, ನಿದ್ದೆಗೆ ಪ್ರೊಸೆಸರ್ ತೆಗೆದಾಗ ಅವನಿಗೆ ಏನೂ ಕೇಳಿಸುವುದಿಲ್ಲ. ಆಗ ಕೈಸನ್ನೆಯೇ ಬೇಕು.

ಆಪರೇಶನ್ ದಿನ ಗೊತ್ತುಮಾಡುವ ಮುಂಚೆ ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಮುಂದಿನ ವರ್ಷಗಳಲ್ಲಿ ಮ್ಯಾಪಿಂಗ್, ಥೆರಪಿ ಎಲ್ಲಿ, ಯಾರು ಮಾಡುತ್ತಾರೆ? ಅಲ್ಲಿಗೆ ನಿಯಮಿತವಾಗಿ ಹೋಗಿಬರಲು ನಿಮಗೆ ಆಗುತ್ತದೆಯೇ? ಹಿರಿಯರನ್ನೂ ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ.