ಇಡೀ ದಿನ ಛಲೋ ಇರ್ತಾನ, ನಾ ಬಂದ ಕೂಡ್ಲೇ ಶುರು

ಮಗನ ವಿಷಯಕ್ಕೆ ನನ್ನ ಹತ್ತಿರ ಸಲಹೆ ಕೇಳಲು ಬಂದ ಒಬ್ಬ ತಾಯಿಯ ಕಥೆ ಇದು. ಓಣಿ, ಕೆಲಸ, ವಯಸ್ಸು ಎಲ್ಲ ಸ್ವಲ್ಪ ಬದಲಿಸಿದ್ದೇನೆ, ಯಾರೂ ಗುರುತು ಹಿಡಿಯಬಾರದು ಅಂತ. ಊರು ಮಾತ್ರ ಹುಬ್ಬಳ್ಳಿ-ಧಾರವಾಡವೇ.

ಆಕೆಗೆ ಮೂವತ್ತರ ಆಸುಪಾಸು. ಮನೆ ಹುಬ್ಬಳ್ಳಿಯಲ್ಲಿ, ಕೆಲಸ ಧಾರವಾಡದ ಒಂದು ಖಾಸಗಿ ಕಚೇರಿಯಲ್ಲಿ. ಬೆಳಿಗ್ಗೆ ಒಂಬತ್ತರ ಒಳಗೆ ಚಿಗರಿ ಬಸ್ ಹತ್ತಿದರೆ ಸಂಜೆ ವಾಪಸ್ ಮನೆ ಮುಟ್ಟುವಾಗ ಏಳು ಹೊಡೆದಿರುತ್ತದೆ. ಮಗನಿಗೆ ಎರಡು ವರ್ಷ ಎರಡು ತಿಂಗಳು. ದಿನವಿಡೀ ಅವನನ್ನು ನೋಡಿಕೊಳ್ಳೋದು ಅತ್ತೆ. ಗಂಡನ ಕೆಲಸ ಗೋಕುಲ ರೋಡ್ ಕಡೆ, ಬರೋದು ರಾತ್ರಿ ಒಂಬತ್ತರ ಮೇಲೆ.

ಬಂದು ಕೂತವರು ನೀರು ಕುಡಿದು ಹೇಳಿದ್ದು ಒಂದೇ ಮಾತು. "ನನ್ನ ಮಗಗ ನಾ ಬ್ಯಾಡಾಗೇನ್ರಿ ಮೇಡಮ್."

ಯಾಕೆ ಹಾಗನ್ನಿಸಿತು ಅಂತ ಕೇಳಿದೆ. ಹೇಳುತ್ತಾ ಹೋದರು. ಗೇಟ್ ಸಪ್ಪಳ ಕೇಳಿದ ಕೂಡಲೇ ಹುಡುಗ "ಮಮ್ಮಿ" ಅಂತ ಓಡಿ ಬರುತ್ತಾನೆ. ಕಾಲಿಗೆ ಜೋತು ಬೀಳುತ್ತಾನೆ. ಐದು ನಿಮಿಷ ಆಗಿರೋದಿಲ್ಲ, ಏನಾದರೊಂದು ಕಾರಣಕ್ಕೆ ರಂಪ ಶುರು. ಹಿಂದಿನ ದಿನ ಚಪಾತಿ ಹರಿದು ಕೊಟ್ಟದ್ದು ತಪ್ಪಾಗಿತ್ತು. ಅವನಿಗೆ ಇಡೀ ಚಪಾತಿ ಬೇಕು. ಇನ್ನೊಂದು ಇಡೀ ಚಪಾತಿ ಕೊಟ್ಟರೆ ಅದೂ ಬೇಡ, ಹರಿದ ಆ ಚಪಾತಿಯನ್ನೇ ಜೋಡಿಸಿ ಕೊಡಬೇಕು! ಜೋಡಿಸೋದು ಹೇಗೆ? ಅರ್ಧ ಗಂಟೆ ನೆಲದ ಮೇಲೆ ಹೊರಳಾಡಿ ಅತ್ತ, ಎತ್ತಿಕೊಳ್ಳಲು ಹೋದ ತಾಯಿಯ ಮುಖಕ್ಕೆ ಹೊಡೆದ, ಕನ್ನಡಕ ಕಿತ್ತು ಒಗೆದ. ಅಷ್ಟೊತ್ತಿಗೆ ಅಡುಗೆಮನೆಯಿಂದ ಅತ್ತೆಯ ಮಾತು ಬಂತು. "ಇಷ್ಟೊತ್ತನಕ ಎಷ್ಟ್ ಶ್ಯಾಣ್ಯಾ ಇದ್ದ. ನೀ ಬಂದಿ, ಶುರು ಮಾಡಿದ ನೋಡು."

"ಅತ್ತಿ ಹೇಳೂದು ಖರೇನ ಐತ್ರಿ," ಅಂದರು. "ಅವರ ಹತ್ರ ಒಂದ್ ದಿನಾನೂ ಹಂಗ ಮಾಡಂಗಿಲ್ಲ. ನಾ ಕೆಲಸ ಬಿಡ್ಲೇನ್ರಿ?"

ಕೆಲಸದ ಮಾತಿಗೆ ಆಮೇಲೆ ಬರೋಣ ಅಂದೆ. ಮೊದಲು ಮಗುವಿನ ಬಗ್ಗೆ ಕೇಳಬೇಕಾದ್ದೆಲ್ಲ ಕೇಳಿದೆ. ಎರಡೆರಡು ಪದ ಕೂಡಿಸಿ ಮಾತಾಡುತ್ತಾನಾ? ಹೆಸರು ಕರೆದರೆ ತಿರುಗುತ್ತಾನಾ? ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ? ಮೊದಲು ಬರುತ್ತಿದ್ದ ಮಾತು ಏನಾದರೂ ನಿಂತಿದೆಯಾ? ಎಲ್ಲ ಸರಿ ಇತ್ತು. ಆಟ ಆಡುತ್ತಾನೆ, ಓಣಿಯ ನಾಯಿಗಳಿಗೆಲ್ಲ ಒಂದೊಂದು ಹೆಸರಿಟ್ಟಿದ್ದಾನೆ.

ಆಮೇಲೆ ಕೇಳಿದೆ, ಅಷ್ಟು ಅತ್ತು ಕೊನೆಗೆ ಯಾರ ಹತ್ರ ಸಮಾಧಾನ ಆಗ್ತಾನೆ?

"ನನ್ನ ಹತ್ರಾನ್ರಿ. ಅತ್ತಿ ಎತ್ಕೊಳ್ಳಾಕ ಹೋದ್ರ ಹೋಗಂಗಿಲ್ಲ. ಸಾಕಾಗೂತನ ಅತ್ತು, ನನ್ನ ಹೆಗಲ ಮ್ಯಾಲ ತಲಿ ಇಟ್ಟು ಸುಮ್ನ ಆಗ್ತಾನ."

ಬೇಡವಾದವರ ಹೆಗಲ ಮೇಲೆ ಯಾರಾದರೂ ಹಾಗೆ ತಲೆ ಇಡ್ತಾರಾ? ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಈ ಉತ್ತರ. ಅದನ್ನೇ ಅವರಿಗೆ ಬಿಡಿಸಿ ಹೇಳಿದೆ. ಎರಡು ವರ್ಷದ ಮಗು ಹಗಲೆಲ್ಲ ಒಂದಲ್ಲ ಒಂದನ್ನು ತಡೆದುಕೊಂಡಿರುತ್ತದೆ. ಆಯಿ (ಅಜ್ಜಿ) ಬೇಡ ಅಂದದ್ದು, ಪಕ್ಕದ ಮನೆ ಹುಡುಗಿ ಸೈಕಲ್ ಕೊಡದಿದ್ದದ್ದು, ಹೇಳಬೇಕೆಂದದ್ದಕ್ಕೆ ಮಾತು ಸಿಗದಿದ್ದದ್ದು. ನಾವು ದಿನವಿಡೀ ಬಿಗಿ ಬೂಟು ಹಾಕಿಕೊಂಡಿದ್ದು ಮನೆಗೆ ಬಂದ ಮೇಲೆ ಬಿಚ್ಚಿ ಒಗೆಯುತ್ತೇವಲ್ಲ, ಹಾಗೆ ಇದು. ತನ್ನದು ಅನ್ನಿಸಿದ ಜಾಗದಲ್ಲಿ ಬಿಚ್ಚುತ್ತಾನೆ. ಆ ಜಾಗ ನೀವು. ಅದಕ್ಕೆ ಏಟು ಬೀಳೋದೂ ನಿಮಗೇ.

ಮೇರಿ ಐನ್ಸ್‌ವರ್ತ್ ಅನ್ನುವ ಮನಶ್ಶಾಸ್ತ್ರಜ್ಞೆ 1950ರ ದಶಕದಲ್ಲಿ ಉಗಾಂಡದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದಲ್ಲಿ, ತಾಯಿ-ಮಕ್ಕಳನ್ನು ಹತ್ತಿರದಿಂದ ನೋಡಿದವರು. ತಾಯಿ ಹೋಗುವಾಗ ಮಗು ಎಷ್ಟು ಅಳುತ್ತದೆ ಅನ್ನೋದಕ್ಕಿಂತ, ತಾಯಿ ವಾಪಸ್ ಬಂದಾಗ ಏನು ಮಾಡುತ್ತದೆ, ಅವಳ ಹತ್ತಿರ ಸಮಾಧಾನ ಆಗುತ್ತದೋ ಇಲ್ಲವೋ ಅನ್ನೋದನ್ನು ಅವರು ಜಾಸ್ತಿ ಗಮನಿಸಿದರು. ನಾನು ಕೇಳಿದ್ದೂ ಅದಕ್ಕೇ. ಇನ್ನೊಂದು ವಿಷಯ, ಮಗು ಒಬ್ಬರಿಗಷ್ಟೇ ಅಂಟಿಕೊಳ್ಳಬೇಕು ಅಂತೇನಿಲ್ಲ. ಆಯಿಗೂ ಅಂಟಿಕೊಳ್ಳಬಹುದು, ತಾಯಿಗೂ ಅಂಟಿಕೊಳ್ಳಬಹುದು. ಒಂದು ಕಡೆ ಜಾಸ್ತಿ ಆದರೆ ಇನ್ನೊಂದು ಕಡೆ ಕಡಿಮೆ ಅನ್ನುವ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಇಷ್ಟಾದರೂ ಹುಡುಗನ ಅಂಜಿಕೆ ಸ್ವಲ್ಪ ಜಾಸ್ತಿಯೇ ಇತ್ತು. ಭಾನುವಾರ ತಾಯಿ ಬಚ್ಚಲಿಗೆ ಹೋದರೂ ಬಾಗಿಲು ಬಡಿದು ಅಳುತ್ತಾನೆ ಅಂದರು. ಹೀಗಾಗಿ ಬೆಳಿಗ್ಗೆ ನೀವು ಮನೆ ಬಿಡೋದು ಹೇಗೆ ಅಂತ ಕೇಳಿದೆ.

ಸ್ವಲ್ಪ ನಕ್ಕರು. "ಕಣ್ಣ ತಪ್ಪಿಸಿ ಹೋಗ್ತೇನ್ರಿ."

ಕ್ರಮ ಹೀಗೆ. ಎಂಟೂವರೆಗೆ ಆಯಿ ಅವನನ್ನು ಹಿತ್ತಲಿಗೆ ಕರೆದೊಯ್ಯುತ್ತಾರೆ, ಆಕಳು ತೋರಿಸಲಿಕ್ಕೆ. ಅಷ್ಟರಲ್ಲಿ ಈಕೆ ಚಪ್ಪಲಿ ಕೈಯಲ್ಲಿ ಹಿಡಿದು, ಗೇಟ್ ಕೊಂಡಿ ಸಪ್ಪಳ ಆಗದ ಹಾಗೆ ಎತ್ತಿ, ಓಣಿ ತಿರುವಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ಓಡುತ್ತಾರೆ. ಹುಡುಗ ಒಳಗೆ ಬಂದು ಒಂದೊಂದೇ ಕಡೆ ಹುಡುಕುತ್ತಾನಂತೆ. ಬಚ್ಚಲು, ಕಪಾಟಿನ ಹಿಂದೆ, ಮಂಚದ ಕೆಳಗೆ. ಆಯಿ "ಮಮ್ಮಿ ಚಾಕ್ಲೇಟ್ ತರಾಕ ಹೋಗ್ಯಾಳ, ಈಗ ಬರ್ತಾಳ" ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಮರೆಯುತ್ತಾನೆ.

ನಮ್ಮಲ್ಲಿ ಸುಮಾರು ಮನೆಗಳಲ್ಲಿ ಹೀಗೇ ನಡೆಯುತ್ತದೆ. ಮಗು ಅಳಬಾರದು ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಹುಡುಗ ಕಲಿಯೋದು ಏನು? ಮಮ್ಮಿ ಯಾವಾಗ ಬೇಕಾದರೂ ಮಾಯ ಆಗ್ತಾಳೆ, ಒಂದು ಕ್ಷಣ ಬೇರೆ ಕಡೆ ನೋಡಿದರೂ ಕಷ್ಟ ಅಂತ. ಹಾಗಾದ ಮೇಲೆ ಅವನು ಬಚ್ಚಲ ಬಾಗಿಲು ಕಾಯದೆ ಇನ್ನೇನು ಮಾಡಬೇಕು? ಅಗಲಿಕೆಯ ಅಂಜಿಕೆ ಎಂಟು-ಒಂಬತ್ತು ತಿಂಗಳಿಗೆ ಶುರುವಾಗುತ್ತದೆ, ಒಂದೂವರೆ ವರ್ಷದ ತನಕ ಜೋರಾಗಿರುತ್ತದೆ, ಮೂರರ ಹೊತ್ತಿಗೆ ಸಾಮಾನ್ಯವಾಗಿ ಇಳಿಯುತ್ತದೆ. ಈಕೆ 26 ವಾರದ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋದಾಗ ಕೂಸಿಗೆ ಆರು ತಿಂಗಳೂ ತುಂಬಿರಲಿಲ್ಲ, ಅವನು ಅಳಲೂ ಇಲ್ಲ. ಅಳು ಶುರುವಾದ ಮೇಲೆ ಈ ಕಣ್ಣು ತಪ್ಪಿಸುವ ಉಪಾಯ ಬಂತು, ಅದೇ ರೂಢಿಯಾಯಿತು.

ನಾನು ಕೊಟ್ಟ ಮೊದಲ ಸಲಹೆ ಬೆಳಗಿನದೇ. ಹೇಳಿ ಹೋಗಿ. ಚಪ್ಪಲಿ ಹಾಕಿಕೊಂಡು, ಮುಂಬಾಗಿಲಿನಿಂದ, ಅವನು ನೋಡುವ ಹಾಗೆ. ದಿನಾ ಅದೇ ಮಾತು, ಅದೇ ಕ್ರಮ. ಒಂದು ಮುತ್ತು, "ಮಮ್ಮಿ ಆಫೀಸಿಗೆ ಹೊಂಟಾಳ, ಆಯಿ ದೇವರ ಮುಂದ ದೀಪ ಹಚ್ಚಿದ ಮ್ಯಾಲ ಬರ್ತಾಳ," ಆಮೇಲೆ ಹೊರಡೋದು. ಏಳು ಗಂಟೆ ಅಂದರೆ ಅವನಿಗೆ ತಿಳಿಯೋದಿಲ್ಲ, ದೀಪ ಹಚ್ಚೋದು ತಿಳಿಯುತ್ತದೆ. ಅತ್ತರೆ ಅಳಲಿ. ಅಳು ನೋಡಿ ಮತ್ತೆ ಒಳಗೆ ಬಂದು ಎತ್ತಿಕೊಂಡು, ಮತ್ತೆ ಇಳಿಸಿ, ಮತ್ತೆ ಹೊರಗೆ ಹೋಗೋದು ಮಾತ್ರ ಬೇಡ, ಅದರಿಂದ ಇಬ್ಬರಿಗೂ ಸಂಕಟ. ಚಾಕ್ಲೇಟಿನ ಸುಳ್ಳೂ ಬೇಡ. ಮೊದಲ ವಾರ ಅಳು ಈಗಿನದಕ್ಕಿಂತ ಜಾಸ್ತಿ ಆಗಬಹುದು, ಹೆದರಬೇಡಿ ಅಂತಲೂ ಮುಂಚೆಯೇ ಹೇಳಿದೆ.

ಸಂಜೆಯದು ಎರಡನೆಯದು. ಆಕೆ ಬಂದ ಕೂಡಲೇ ಬ್ಯಾಗ್ ಇಟ್ಟು, ಕೈಕಾಲು ತೊಳೆದು, ಸೀದಾ ಚಪಾತಿ ಲಟ್ಟಿಸಲು ನಿಲ್ಲುತ್ತಿದ್ದರು. ಹಗಲೆಲ್ಲ ಅತ್ತೆ ಕೂಸು ನೋಡಿದ್ದಾರೆ, ಅಡುಗೆಯನ್ನಾದರೂ ತಾನು ಮಾಡಬೇಕು ಅಂತ. ನ್ಯಾಯವೇ. ಆದರೆ ಹತ್ತು ತಾಸು ಕಾದವನಿಗೆ ಸಿಕ್ಕಿದ್ದು ಮಮ್ಮಿಯ ಬೆನ್ನು. ಮೊದಲ ಇಪ್ಪತ್ತು ನಿಮಿಷ ನೆಲದ ಮೇಲೆ ಕೂತುಬಿಡಿ, ಮೊಬೈಲ್ ಬ್ಯಾಗಿನಲ್ಲೇ ಇರಲಿ, ಅವನು ಏನು ಆಡುತ್ತಾನೋ ಅದನ್ನೇ ಆಡಿ ಅಂದೆ. ಏನನ್ನೂ ಕಲಿಸಬೇಡಿ. ಎ ಬಿ ಸಿ ಡಿ ಆಗ ಬೇಡ.

ಇದರ ಜೊತೆಗೆ ಹೊಟ್ಟೆಯದೂ ನಿದ್ದೆಯದೂ ಒಂದು ಲೆಕ್ಕ ಇತ್ತು. ನಾಲ್ಕಕ್ಕೆ ಹಾಲು-ಬಿಸ್ಕೀಟು ಆದ ಮೇಲೆ ರಾತ್ರಿ ಎಂಟೂವರೆ ತನಕ ಏನೂ ಇಲ್ಲ. ಆ ವಯಸ್ಸಿಗೆ ಅದು ಬಹಳ ದೂರ. ಆರಕ್ಕೆ ಒಂದು ಬಾಳೆಹಣ್ಣೋ, ಸ್ವಲ್ಪ ಮೊಸರನ್ನವೋ ಕೊಡಿ ಅಂದೆ. ಶೇಂಗಾ ಕೊಡಬಹುದಾ ಅಂದರು. ಪುಡಿ ಮಾಡಿದ್ದು ಅಡ್ಡಿಯಿಲ್ಲ, ಇಡೀ ಕಾಳು ನಾಲ್ಕೈದು ವರ್ಷದ ತನಕ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಿದ್ದೆಯೂ ಕಡಿಮೆ ಬೀಳುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಈ ವಯಸ್ಸಿಗೆ ಹಗಲಿನದೂ ಸೇರಿ 11ರಿಂದ 14 ತಾಸು ನಿದ್ದೆ ಬೇಕು. ಇವನಿಗೆ ಹತ್ತೂ ಆಗುತ್ತಿರಲಿಲ್ಲ, ಯಾಕೆಂದರೆ ಅಪ್ಪ ಬಂದು ಆಡಿಸುವ ತನಕ ಮಲಗುತ್ತಿರಲಿಲ್ಲ.

ಹೊಡೆಯುವ ವಿಷಯಕ್ಕೆ ಬಂದರೆ, ಕೈ ಮೆಲ್ಲಗೆ ಹಿಡಿಯಬೇಕು, "ಸಿಟ್ಟು ಬಂದೈತಿ, ಆದ್ರ ಹೊಡಿಯಂಗಿಲ್ಲ" ಅನ್ನಬೇಕು. ಅಷ್ಟೇ. ಆ ಹೊತ್ತಿನಲ್ಲಿ ಉದ್ದನೆಯ ಬುದ್ಧಿಮಾತು ಅವನ ಕಿವಿಗೆ ಹೋಗೋದಿಲ್ಲ. ತಿರುಗಿ ಹೊಡೆಯೋದೂ ಬೇಡ. ಆಮೇಲೆ ಗೊತ್ತಾಯಿತು, ಒಂದು ವರ್ಷದವನಿದ್ದಾಗ ಕಾಕಾ "ಮಮ್ಮಿಗೆ ಹೊಡಿ, ಹೊಡಿ" ಅಂತ ಆಡಿಸಿ, ಅವನು ಹೊಡೆದರೆ ಮನೆಮಂದಿಯೆಲ್ಲ ನಗುತ್ತಿದ್ದರಂತೆ. ದಯವಿಟ್ಟು ಈ ಆಟ ಬಿಡಿ. ಆಗ ಚಪ್ಪಾಳೆ, ಈಗ ಬೈಗುಳ ಅಂದರೆ ಪಾಪ ಅವನಿಗೇನು ತಿಳಿಯಬೇಕು?

ಅತ್ತೆಯವರನ್ನು ಒಮ್ಮೆ ಕರೆದುಕೊಂಡು ಬನ್ನಿ ಅಂದಿದ್ದೆ. ಬಂದರು, ಮುಖ ಬಿಗಿ ಹಿಡಿದುಕೊಂಡೇ ಬಂದರು. ಸೊಸೆ ಏನೇನು ಹೇಳಿದ್ದಾಳೋ ಅನ್ನುವ ಅನುಮಾನ ಇತ್ತು. ನಾನು ದೂರಿನ ಮಾತೇ ಎತ್ತಲಿಲ್ಲ. "ಅಮ್ಮಾ, ದಿನಾ ಇಷ್ಟು ಚಟುವಟಿಕೆಯ ಹುಡುಗನ ಹಿಂದೆ ಓಡೋದು ನಿಮಗೆ ಹೆಂಗ ಆಗ್ತದ?" ಅಂತ ಕೇಳಿದೆ. ಮೊಣಕಾಲು ತೋರಿಸಿದರು. ಆಮೇಲೆ ಒಂದೇ ಉಸುರಿಗೆ ಹೇಳಿದರು, "ಮುಂಜಾನಿಂದ ಉಣಿಸೂದು, ತೊಳಿಯೂದು, ಮಲಗಸೂದು ಎಲ್ಲಾ ನಾನು. ಆಕಿ ಬಂದ ಕೂಡ್ಲೇ ಮಮ್ಮಿ ಮಮ್ಮಿ ಅಂತ ಓಡ್ತಾನ. ನನ್ನ ಕಡೆ ಹೊಳ್ಳಿ ನೋಡಂಗಿಲ್ಲ. ನನಗೂ ಬ್ಯಾಸರ ಆಗಂಗಿಲ್ಲೇನ್ರಿ?"

ಸೊಸೆ ಅತ್ತೆಯ ಮುಖ ನೋಡಿದರು. ಒಂದೇ ಹುಡುಗ, ಇಬ್ಬರಿಗೂ ಅವನಿಗೆ ತಾನು ಬೇಡ ಅನ್ನುವ ಸಂಕಟ! ಎರಡು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. "ನೀ ಬಂದಿ, ಶುರು ಮಾಡಿದ" ಅನ್ನುವ ಮಾತಿನಲ್ಲಿ ಸೊಸೆಗೆ ಕೇಳಿಸಿದ್ದು ಚುಚ್ಚುಮಾತು. ಆಯಿಯ ಪ್ರಕಾರ ಅದು, ನನ್ನ ಹತ್ರ ಛಲೋ ಇದ್ದ, ನಾ ಛಲೋ ನೋಡ್ಕೊಂಡೇನಿ ಅಂತ ಯಾರಾದರೂ ಒಪ್ಪಲಿ ಅನ್ನುವ ಆಸೆ. ಅವತ್ತು ನಾನು ಜಾಸ್ತಿ ಮಾತಾಡಲಿಲ್ಲ, ಅವರಿಬ್ಬರೇ ಮಾತಾಡಿದರು. ಕೊನೆಗೆ ಎರಡು ವಿಷಯ ಗೊತ್ತು ಮಾಡಿಕೊಂಡೆವು. ಸಂಜೆ ಸೊಸೆ ಬಂದ ಮೇಲೆ ಆಯಿ, ಅವನು ಏನು ತಿಂದ, ಎಷ್ಟು ಮಲಗಿದ, ಏನು ಹೊಸದು ಮಾಡಿದ ಅನ್ನೋದಷ್ಟೇ ಹೇಳೋದು. ಆಮೇಲೆ ಒಂದು ತಾಸು ಆಯಿಗೆ ಪೂರ್ತಿ ಬಿಡುವು, ಅಡುಗೆಮನೆಯಲ್ಲೂ ಇರಬಾರದು. ಸೋಮವಾರ ಸಿದ್ಧಾರೂಢ ಮಠಕ್ಕೆ ಹೋಗಿ ಬರ್ತೇನಿ ಅಂದರು, ಉಳಿದ ದಿನ ಓಣಿಯ ಗೆಳತಿಯರ ಕಟ್ಟೆ. ಚಪಾತಿ ಹಿಟ್ಟು ಮಧ್ಯಾಹ್ನವೇ ಕಲಸಿಡೋದು ಅವರೇ ಸೂಚಿಸಿದ ಉಪಾಯ.

ಕೆಲಸ ಬಿಡುವ ವಿಷಯ. ಬಿಡೋದೋ ಬೇಡವೋ ಅವರ ಮನೆಯ ತೀರ್ಮಾನ. ಮಗನ ಸಲುವಾಗಿ ಬಿಡಲೇಬೇಕಾದ ಕಾರಣ ನನಗೆ ಕಾಣಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿದೆ. ಆಕೆಯ ನಿದ್ದೆ, ಊಟ, ಮನಸ್ಸಿನ ಭಾರದ ಬಗ್ಗೆಯೂ ಕೇಳಿದೆ. ದಣಿವು ಇತ್ತು, ಖಿನ್ನತೆಯ ಲಕ್ಷಣ ಇರಲಿಲ್ಲ. ಇಂಥ ತಾಯಂದಿರಿಗೆ ಎರಡು ವಾರಕ್ಕಿಂತ ಜಾಸ್ತಿ ಯಾವುದೂ ಬೇಡ ಅನ್ನಿಸುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮಗುವಿನ ವಿಷಯದಲ್ಲೂ ಕೆಲವಕ್ಕೆ ಡಾಕ್ಟರೇ ಬೇಕು: ಅಳುತ್ತಾ ಉಸಿರು ಹಿಡಿದು ತುಟಿ ನೀಲಿಯಾದರೆ, ತಲೆ ಗೋಡೆಗೆ ಜಜ್ಜಿಕೊಂಡು ಗಾಯ ಮಾಡಿಕೊಳ್ಳುತ್ತಿದ್ದರೆ, ಬಂದ ಮಾತು ಹೋದರೆ.

ಮೊದಲ ವಾರ ಹೇಳಿದ ಹಾಗೇ ಆಯಿತು. ಗೇಟಿನ ಹತ್ತಿರ ಅವನು ಅತ್ತ ಅಳುವಿಗೆ ಪಕ್ಕದ ಮನೆಯವರು ಹೊರಗೆ ಬಂದು "ಪಾಪ, ಇಂಥಾದ್ದೇನ್ ನೌಕರಿ" ಅಂದರಂತೆ. ಆಕೆ ಬಸ್ಸಿನಲ್ಲೇ ಕಣ್ಣೀರು ಹಾಕಿ ನನಗೆ ಮೆಸೇಜ್ ಮಾಡಿದರು. ಮುಂದುವರಿಸಿ ಅಂದೆ. ಕೆಲವು ವಾರಕ್ಕೆ ಅಳು ಗೇಟಿನಲ್ಲೇ ಮುಗಿಯತೊಡಗಿತು, ಬಚ್ಚಲ ಬಾಗಿಲು ಬಡಿಯೋದು ನಿಂತಿತು. ಸಂಜೆಯ ರಂಪ ಪೂರ್ತಿ ಹೋಗಿಲ್ಲ. ವಾರದಲ್ಲಿ ಒಂದೆರಡು ಸಲ ಇದ್ದೇ ಇದೆ, ಆ ವಯಸ್ಸಿಗೆ ಇರಬೇಕಾದ್ದೇ. ಈಗ ಚಪಾತಿ ಹರಿಯುವ ಮುಂಚೆ ಅವನನ್ನೇ ಕೇಳುತ್ತಾರೆ. ಅಪ್ಪನ ಜೊತೆಗಿನ ರಾತ್ರಿ ಆಟದ ಬಗ್ಗೆ ಮಾತ್ರ ಇನ್ನೂ ಜಗ್ಗಾಟ. ಬೆಳಿಗ್ಗೆ ಎಬ್ಬಿಸಿ ಜಳಕ ಮಾಡಿಸೋದು ನಿಮ್ಮ ಪಾಲು, ರಾತ್ರಿ ಒಂಬತ್ತಕ್ಕೆ ದೀಪ ಆರಿಸೋದು ಅಂತ ಹೇಳಿದ್ದೇನೆ. ಜಳಕ ಶುರುವಾಗಿದೆ, ದೀಪ ಆರಿಸೋದು ಇನ್ನೂ ಹತ್ತೂವರೆಗೇ.

ಈಗ ಹೊಸ ವಿಷಯ ಬಂದಿದೆ. ಗದಗದಲ್ಲಿರುವ ಮಗಳ ಬಾಣಂತನಕ್ಕೆ ಆಯಿ ಮುಂದಿನ ತಿಂಗಳು ಹೋಗಬೇಕು, ಬರೋದು ಮೂರು ತಿಂಗಳ ಮೇಲೆ. ಹುಡುಗನನ್ನು ಮನೆ ಹತ್ತಿರದ ಶಿಶುವಿಹಾರಕ್ಕೆ ಬಿಡೋದು ಅಂತ ಮಾತಾಗಿದೆ. ಆಯಿ ಹೋಗುವ ಎರಡು ವಾರ ಮುಂಚೆಯೇ ಶುರು ಮಾಡಿ, ಮೊದಲೆರಡು ದಿನ ಆಯಿಯೂ ಅಲ್ಲೇ ಕೂತಿರಲಿ, ಮೊದಲು ಒಂದು ತಾಸು, ಆಮೇಲೆ ಊಟದ ತನಕ, ಆಮೇಲೆ ನಿದ್ದೆ ಅಂತ ಹೆಚ್ಚಿಸುತ್ತಾ ಹೋಗಿ ಅಂದಿದ್ದೇನೆ. ಅವನು ಮಲಗುವಾಗ ಹಿಡಿದುಕೊಳ್ಳುವ ಆಯಿಯ ಹಳೇ ಇಳಕಲ್ ಸೀರೆಯ ತುಂಡೂ ಜೊತೆಗೆ ಹೋಗಲಿ. ಅಲ್ಲಿಯವರು ತೊಳೆದು ಕೊಡಿ ಅಂದಿದ್ದಾರೆ. ತೊಳೆಯಬೇಡಿ ಅಂದಿದ್ದೇನೆ, ಆಯಿಯ ವಾಸನೆ ಹೋಗುತ್ತದೆ.