ಒಂದೇ ಆಲ್ಬಂ ಮಾಡಿ ನಿಲ್ಲಿಸಿದರೆ ಸೋತ ಹಾಗಾ?

ಪ್ರಶ್ನೆ: ಶಿರಸಿಯ ಒಂದು ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತೇನೆ. ಕಾರವಾರದ ಇಬ್ಬರು ಗೆಳೆಯರದು ಬೇರೆ ಬ್ಯಾಂಡ್. ಮಳೆಗಾಲದಲ್ಲಿ ಯಾರಿಗೂ ಕಾರ್ಯಕ್ರಮ ಇರುವುದಿಲ್ಲ. ಆಗ ಮೂವರೂ ಸೇರಿ ಒಂದು ರಾಕ್ ಆಲ್ಬಂ ಮಾಡುವ ಆಸೆ. ‘ಒಂದು ಮಾಡಿ ನಿಲ್ಲಿಸಿದರೆ ಸೋತರು ಅಂತಾರೆ’ ಎಂದು ಅಪ್ಪ ಹೇಳುತ್ತಾರೆ. ನಮಗೆ ಇಷ್ಟವಾದ ಅಮೆರಿಕದ ರಾಕ್ ತಂಡ ಟೆಂಪಲ್ ಆಫ್ ದ ಡಾಗ್ ಕೂಡ ಒಂದೇ ಆಲ್ಬಂಗೆ ನಿಂತಿತಲ್ಲ, ಯಾಕೆ ಸರ್?
– ಓದುಗರು, ಶಿರಸಿ

ಉತ್ತರ: ಅದರ ಕೆಲಸ ಮುಗಿದಿತ್ತು, ಅದಕ್ಕೇ ನಿಂತಿತು.

ಆ ತಂಡ ಹುಟ್ಟಿದ್ದೇ ಒಂದು ಸಾವಿನಿಂದ. ಸಿಯಾಟಲ್‌ನ ಮದರ್ ಲವ್ ಬೋನ್ ತಂಡದ ಹಾಡುಗಾರ ಆಂಡ್ರ್ಯೂ ವುಡ್ 1990ರ ಮಾರ್ಚ್‌ನಲ್ಲಿ ಹೆರಾಯಿನ್‌ಗೆ ಬಲಿಯಾದ. ವಯಸ್ಸು ಬರೀ 24. ಅವನ ಜೊತೆ ಒಂದೇ ಮನೆಯಲ್ಲಿದ್ದವನು ಸೌಂಡ್‌ಗಾರ್ಡನ್ ಎಂಬ ಇನ್ನೊಂದು ತಂಡದ ಹಾಡುಗಾರ ಕ್ರಿಸ್ ಕಾರ್ನೆಲ್. ದುಃಖ ತಡೆಯದೆ ಎರಡು ಹಾಡು ಬರೆದ. ಸೌಂಡ್‌ಗಾರ್ಡನ್‌ನ ಅಬ್ಬರಕ್ಕೆ ಅವು ಹೊಂದುತ್ತಿರಲಿಲ್ಲ. ಹಾಗಾಗಿ ವುಡ್‌ನ ತಂಡದಲ್ಲೇ ಇದ್ದ ಸ್ಟೋನ್ ಗೊಸಾರ್ಡ್ ಮತ್ತು ಜೆಫ್ ಅಮೆಂಟ್‌ರನ್ನು ಕರೆದ. ಮ್ಯಾಟ್ ಕ್ಯಾಮರಾನ್, ಮೈಕ್ ಮೆಕ್ರೀಡಿ ಸೇರಿಕೊಂಡರು. ಎರಡು ಹಾಡು ಹತ್ತಾಯಿತು. ಹದಿನೈದೇ ದಿನದಲ್ಲಿ ರೆಕಾರ್ಡಿಂಗ್ ಮುಗಿಯಿತು.

ನನಗೆ ತುಂಬಾ ಇಷ್ಟವಾದ ಗಳಿಗೆ ಇನ್ನೊಂದಿದೆ. ಒಂದು ಹಾಡಿನ ಕೆಳಗಿನ ಸ್ವರ ಕಾರ್ನೆಲ್‌ಗೆ ಕೂರುತ್ತಿರಲಿಲ್ಲ. ಗೊಸಾರ್ಡ್ ಮತ್ತು ಅಮೆಂಟ್ ಕಟ್ಟುತ್ತಿದ್ದ ಹೊಸ ತಂಡಕ್ಕೆಂದು ಸ್ಯಾನ್ ಡಿಯಾಗೋದಿಂದ ಬಂದಿದ್ದ ಹುಡುಗ ಅಲ್ಲೇ ಕೂತಿದ್ದ. ಎದ್ದು ಮೈಕ್ ಮುಂದೆ ನಿಂತು ಹಾಡಿಬಿಟ್ಟ. ಅವನೇ ಎಡ್ಡಿ ವೆಡರ್. ಆ ಹೊಸ ತಂಡ ಪರ್ಲ್ ಜಾಮ್.

1991ರ ಏಪ್ರಿಲ್‌ನಲ್ಲಿ ಆಲ್ಬಂ ಬಂದಾಗ ಜಾಸ್ತಿ ಜನ ಕೇಳಲಿಲ್ಲ. ಸೌಂಡ್‌ಗಾರ್ಡನ್, ಪರ್ಲ್ ಜಾಮ್ ಎರಡೂ ಹೆಸರು ಮಾಡಿದ ಮೇಲೆ, 1992ರಲ್ಲಿ ಅದು ಅಮೆರಿಕದಲ್ಲೇ ಹತ್ತು ಲಕ್ಷ ಪ್ರತಿ ದಾಟಿತು. ಆಗಲೂ ಇವರು ಎರಡನೆಯದು ಮಾಡಲಿಲ್ಲ. 2016ರಲ್ಲಿ, 25 ವರ್ಷದ ನೆನಪಿಗೆ, ವೆಡರ್ ಒಬ್ಬನನ್ನು ಬಿಟ್ಟು ಉಳಿದವರು ಸೇರಿ ಕೆಲವೇ ಕಾರ್ಯಕ್ರಮ ಕೊಟ್ಟರು. ಮರುವರ್ಷ ಮೇ ತಿಂಗಳಲ್ಲಿ ಕಾರ್ನೆಲ್ ತೀರಿಹೋದ. ಆ ಕೆಲವು ರಾತ್ರಿಗಳಾದರೂ ನಡೆದವಲ್ಲ ಅಂತ ಈಗಲೂ ಸಮಾಧಾನ ಆಗುತ್ತದೆ.

ಅಪ್ಪನಿಗೆ ಯಕ್ಷಗಾನ ನೆನಪಿಸಿ. ಮಳೆ ಹಿಡಿದು ಮೇಳಗಳ ತಿರುಗಾಟ ನಿಂತಾಗ ಬೇರೆ ಬೇರೆ ಮೇಳದವರು ಸೇರಿ ಆಟ ಆಡುತ್ತಾರೆ, ತಾಳಮದ್ದಳೆಗೆ ಕೂರುತ್ತಾರೆ. ಮಾರನೇ ದಿನ ಆ ಕೂಟ ಇರುವುದಿಲ್ಲ. ಅದನ್ನು ಯಾರಾದರೂ ಸೋಲು ಅಂತಾರಾ? ಈ ಭಾಗವತರ ಪದಕ್ಕೆ ಆ ವೇಷ ಹೇಗೆ ಕುಣಿಯುತ್ತದೆ ಅಂತ ನೋಡಲೆಂದೇ ಜನ ಕೊಡೆ ಹಿಡಿದು ಬರುತ್ತಾರೆ, ಅಲ್ವಾ?

ಒಂದು ಕಡೆ ಮಾತ್ರ ಹುಷಾರಾಗಿರಿ. ಗೊಸಾರ್ಡ್‌ನ ಒಂದು ಟ್ಯೂನ್ ಟೆಂಪಲ್ ಆಫ್ ದ ಡಾಗ್‌ನಲ್ಲಿ ಕಾರ್ನೆಲ್‌ನ ಸಾಲುಗಳಿಗೆ ಕೂತಿತು, ಪರ್ಲ್ ಜಾಮ್‌ನಲ್ಲಿ ವೆಡರ್‌ನ ಸಾಲುಗಳಿಗೆ. ಎರಡೂ ಕಡೆ ಗೊಸಾರ್ಡ್ ಇದ್ದ. ನೀವು ಹಾಗಲ್ಲ, ಎರಡು ಬ್ಯಾಂಡಿನವರು. ಯಾರ ಟ್ಯೂನ್, ಯಾರ ಸಾಹಿತ್ಯ, ಆಮೇಲೆ ಯಾರು ಎಲ್ಲಿ ನುಡಿಸಬಹುದು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ನಿಮ್ಮ ಬ್ಯಾಂಡಿನವರಿಗೂ ಈಗಲೇ ಹೇಳಿ. ಬೇರೆಯವರ ಬಾಯಿಂದ ಕೇಳಿದರೆ ಅವರಿಗೆ ನೋವಾಗುತ್ತದೆ.

ಟ್ಯೂನ್‌ಗಳನ್ನು ಫೋನಿನಲ್ಲೇ ಕಳಿಸಿಕೊಳ್ಳುತ್ತಾ ಇರಿ. ನಾಲ್ಕು ಹಾಡು ಗಟ್ಟಿಯಾದ ಮೇಲೆ, ಮಳೆಗೆ ರಸ್ತೆ ಹೇಗಿದೆ ಕೇಳಿಕೊಂಡು, ಗಿಟಾರ್‌ಗೆ ಪ್ಲಾಸ್ಟಿಕ್ ಸುತ್ತಿ ಕಾರವಾರದ ಕಡೆಗೆ ದೇವಿಮನೆ ಘಟ್ಟ ಇಳಿಯಿರಿ.