ಮುಂಬೈಯ ಕನ್ನಡ ಲೈಬ್ರರಿಗಳು ವೆಬ್ ತಂತ್ರಜ್ಞಾನವನ್ನು ಇನ್ನೂ ಚೆನ್ನಾಗಿ ಬಳಸುವುದು ಹೇಗೆ?

ಮೊದಲು ಪುಸ್ತಕಗಳ ಪಟ್ಟಿ ಆನ್‌ಲೈನ್‌ಗೆ ಬರಬೇಕು. ಉಳಿದದ್ದೆಲ್ಲ ಆಮೇಲೆ.

ಹೋದ ಮಳೆಗಾಲದಲ್ಲಿ ಒಂದು ಹಳೆಯ ಕಾದಂಬರಿಗಾಗಿ ಡೊಂಬಿವಲಿಯಿಂದ ದಾದರ್‌ವರೆಗೆ ಲೋಕಲ್‌ನಲ್ಲಿ ನಿಂತುಕೊಂಡೇ ಹೋಗಿದ್ದೆ. ಲೈಬ್ರರಿಯ ರಿಜಿಸ್ಟರಿನಲ್ಲಿ ಹೆಸರಿತ್ತು, ಕಪಾಟಿನಲ್ಲಿ ಪುಸ್ತಕ ಇರಲಿಲ್ಲ. ಯಾರೋ ಒಯ್ದು ಆರು ತಿಂಗಳಾಗಿತ್ತು. ಮನೆಯಲ್ಲೇ ಮೊಬೈಲ್‌ನಲ್ಲಿ ನೋಡುವಂತಿದ್ದರೆ ಅರ್ಧ ದಿನ ಉಳಿಯುತ್ತಿತ್ತು, ಅಲ್ವಾ?

ಇದಕ್ಕೆ ಕೋಹಾ ಎಂಬ ಸಾಫ್ಟ್‌ವೇರ್ ಇದೆ. ನ್ಯೂಜಿಲೆಂಡ್‌ನ ಗ್ರಂಥಾಲಯವೊಂದಕ್ಕಾಗಿ ತಯಾರಾಗಿ 2000ದಲ್ಲಿ ಬಳಕೆಗೆ ಬಂತು. ಲೈಸೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಸರ್ವರ್ ಖರ್ಚು ಇದ್ದೇ ಇದೆ. ಪುಸ್ತಕ ಒಳಗಿದೆಯೋ ಹೊರಗೆ ಹೋಗಿದೆಯೋ ತೋರಿಸುತ್ತದೆ. ವಾಪಸ್ ಕೊಡುವ ದಿನ ಬಂದರೆ ಇಮೇಲ್‌ನಲ್ಲಿ ನೆನಪಿಸುತ್ತದೆ.

ನಿಜವಾದ ಕಷ್ಟ ಇರುವುದು ಪಟ್ಟಿ ತುಂಬಿಸುವುದರಲ್ಲಿ. ಎಷ್ಟೋ ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಇಲ್ಲ. ಹಾಗಾಗಿ ಬಾರ್‌ಕೋಡ್ ಸ್ಕ್ಯಾನ್ ಮಾಡಿದ ಕೂಡಲೇ ವಿವರ ತಾನಾಗಿ ಬರುವುದಿಲ್ಲ, ಮುಖಪುಟ ತಿರುವಿ ಒಂದೊಂದನ್ನೇ ಟೈಪ್ ಮಾಡಬೇಕು. ಅದೂ ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆಯಲ್ಲಿ. ಹಳೆಯ ಫಾಂಟ್‌ನಲ್ಲಿ ಮಾಡಿಟ್ಟ ಪಟ್ಟಿ ಇದ್ದರೆ ಮೊದಲು ಪರಿವರ್ತಿಸಿ, ಇಲ್ಲದಿದ್ದರೆ ಹುಡುಕಿದರೂ ಸಿಗುವುದಿಲ್ಲ.

ಜೊತೆಗೆ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯಿರಿ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಕನ್ನಡ ಮಾತಾಡುತ್ತಾರೆ, ಆದರೆ ಟೈಪ್ ಮಾಡಲು ಬರುವುದಿಲ್ಲ. ಅವರಿಗೂ ಸಿಗಲಿ.

ಇನ್ನು ಪುಸ್ತಕಗಳನ್ನು ಸುಮ್ನೆ ಸ್ಕ್ಯಾನ್ ಮಾಡಿ ಹಾಕುವಂತಿಲ್ಲ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅದು ಮುಗಿದಿದ್ದರೆ ಕನ್ನಡ ವಿಕಿಸೋರ್ಸ್ ಎಂಬ ಉಚಿತ ಆನ್‌ಲೈನ್ ಗ್ರಂಥಾಲಯಕ್ಕೂ ಸೇರಿಸಬಹುದು.